ಎರಡು ಅಲಗು, ಎರಡು ಹಿಡಿ, ಒಂದು ಬಾಕು

ತೀರ್ಥಹಳ್ಳಿ ಕಡೆಯ ನಮ್ಮ ಮಾವನ ಮನೆಯ ದೇವರ ಕೋಣೆಯಲ್ಲಿ ಈಗ ಒಂದು ಬಾಕು ಇದೆ. ನೋಡಿದವರು ಕೇಳೋದು ಎರಡೇ ಪ್ರಶ್ನೆ. ಎಲ್ಲಿ ಮಾಡಿಸಿದ್ರಿ, ಎಷ್ಟಾಯ್ತು? ಅಲಗು ಭದ್ರಾವತಿ ಹತ್ತಿರ, ಹಿಡಿ ಸಾಗರದಲ್ಲಿ. ಮೊದಲು ಮಾತಾಡಿದ್ದು ₹32,000. ಕೊನೆಗೆ ಕೊಟ್ಟಿದ್ದು ₹42,500. ಎಂಟು ತಿಂಗಳಲ್ಲಿ ಮುಗಿಯಬೇಕಿದ್ದ ಕೆಲಸಕ್ಕೆ ಹನ್ನೊಂದು ತಿಂಗಳು ಹಿಡಿಯಿತು. ನಡುವೆ ಒಂದು ಅಲಗು ಸೀಳಿತು, ಒಂದು ಹಿಡಿ ದಂಡವಾಯಿತು. ಅಲಗು ಸೀಳೋದು ಆ ಕಸುಬಿನಲ್ಲಿ ಆಗುವಂಥದ್ದೇ. ಹಿಡಿ ದಂಡವಾಗಿದ್ದು ಮಾತ್ರ ನನ್ನ ತಪ್ಪು. ಕೈಯಲ್ಲಿ ಇಂಥದ್ದೊಂದು ಮಾಡಿಸೋ ಆಸೆ ಇರುವವರಿಗೆ ಉಪಯೋಗ ಆದೀತು ಅಂತ ಇಡೀ ಪ್ರಕರಣ ಬರೆಯುತ್ತಿದ್ದೇನೆ.

ಬಾಕು ಯಾಕೆ ಅನ್ನೋದು ಮೊದಲು ಹೇಳಬೇಕು. ಮಾವನ ಅಪ್ಪನ ಕಾಲದಲ್ಲಿ ಮನೆಯಲ್ಲಿ ಒಂದು ಬಾಕು ಇತ್ತಂತೆ. ಪಾಲಾದಾಗ ದಾಯಾದಿಗಳ ಕಡೆ ಹೋಯಿತು. ಆಮೇಲೆ ಅದರ ಸುದ್ದಿಯೇ ಇಲ್ಲ. ಪ್ರತಿ ಆಯುಧಪೂಜೆಗೆ ಕತ್ತಿ, ಕೊಡಲಿ, ಹಾರೆ, ಮೆಟ್ಟುಗತ್ತಿ, ಈಚೆಗೆ ಅಡಿಕೆ ಸುಲಿಯೋ ಮಷಿನ್ನು, ಎಲ್ಲಕ್ಕೂ ಕುಂಕುಮ ಹಚ್ಚಿ ಹೂ ಇಟ್ಟ ಮೇಲೆ ಮಾವ ಒಂದು ಮಾತು ಹೇಳುತ್ತಾರೆ. “ಆ ಬಾಕು ಒಂದು ಇದ್ದಿದ್ರೆ ಲೆಕ್ಕ ಸರಿಹೋಗ್ತಿತ್ತು.” ಇಪ್ಪತ್ತು ವರ್ಷದಿಂದ ನಾನೇ ಕೇಳಿದ್ದೇನೆ. 2024ರಲ್ಲಿ ಅವರಿಗೆ ಎಂಬತ್ತನೇ ವರ್ಷ ನಡೆಯುತ್ತಿತ್ತು. ಬೆಂಗಳೂರಿನಲ್ಲಿರುವ ಅವರ ಮಗ, ಅಂದರೆ ನನ್ನ ಹೆಂಡತಿಯ ಅಣ್ಣ (ನಾವಿಬ್ಬರೂ ಒಬ್ಬರನ್ನೊಬ್ಬರು ಭಾವ ಅಂತಲೇ ಕರೆಯೋದು), ಫೆಬ್ರವರಿಯಲ್ಲಿ ಫೋನ್ ಮಾಡಿದರು. “ಭಾವ, ಈ ಸಲ ಆಯುಧಪೂಜೆಗೆ ಅಪ್ಪಯ್ಯನಿಗೆ ಒಂದು ಬಾಕು ಮಾಡಿಸಿ ಕೊಡೋಣ. ಚೆನ್ನಾಗಿರೋದು, ಕೈಯಲ್ಲಿ ಮಾಡಿದ್ದು. ದುಡ್ಡು ನಂದು, ಓಡಾಟ ನಿಮ್ದು. ಅಪ್ಪಯ್ಯನಿಗೆ ಮಾತ್ರ ಹೇಳ್ಬೇಡಿ, ಸರ್ಪ್ರೈಸ್ ಇರಲಿ.”

ಹಳೆಯ ಬಾಕು ನೋಡಿದ್ದು ಮಾವ ಒಬ್ಬರೇ. ಫೋಟೋ ಇಲ್ಲ. ಅವರನ್ನು ಕೇಳುವ ಹಾಗೂ ಇಲ್ಲ. ಆ ಮಾತು ಅಲ್ಲಿಗೇ ಬಿಟ್ಟೆವು.

ಮೊದಲು ಹೋಗಿದ್ದು ನಮ್ಮೂರ ಆಚಾರಿ ಹತ್ತಿರ. ಲಾರಿ ಸ್ಪ್ರಿಂಗಿನ ಪಟ್ಟಾದಿಂದ ಅವರು ಮಾಡಿದ ಕತ್ತಿ ನಮ್ಮ ಮನೆಯಲ್ಲಿ ಹದಿನೈದು ವರ್ಷದಿಂದ ಸೋಗೆ ಕಡಿಯುತ್ತಿದೆ. ವಿಷಯ ಕೇಳಿ ಅವರು ತಲೆ ಅಲ್ಲಾಡಿಸಿದರು. “ನಮ್ಮ ಕತ್ತಿಗೆ ಒಂದೇ ಬಾಯಿ ಮಾರಾಯ್ರೆ. ಅದಕ್ಕೆ ಎರಡು. ಅದು ನನ್ನ ಕೈಗೆ ಬರೋದಲ್ಲ.” ಆಗ ಅದು ವಿನಯದ ಮಾತು ಅಂದುಕೊಂಡೆ. ಹಾಗಲ್ಲ. ಒಂದು ಬಾಯಿಯ ಕತ್ತಿಯಲ್ಲಿ ಉಜ್ಜುವ ಅರ ಸ್ವಲ್ಪ ಹೆಚ್ಚುಕಮ್ಮಿ ಆಡಿದರೂ ಕಣ್ಣಿಗೆ ಬೀಳೋದಿಲ್ಲ. ಬಾಕುವಿನ ಅಲಗಿಗೆ ನಾಲ್ಕು ಇಳಿಜಾರು. ಆ ನಾಲ್ಕೂ ನಡುವಿನ ಒಂದೇ ಗೆರೆಗೆ ಬಂದು ಸೇರಬೇಕು. ಒಂದು ಕಡೆ ಕೂದಲೆಳೆಯಷ್ಟು ಜಾಸ್ತಿ ಉಜ್ಜಿದರೆ ಗೆರೆ ಪಕ್ಕಕ್ಕೆ ಸರಿಯುತ್ತದೆ. ಅದನ್ನು ಸರಿ ಮಾಡಲು ಉಳಿದ ಮೂರೂ ಕಡೆ ಉಜ್ಜಬೇಕು. ಉಜ್ಜುತ್ತಾ ಉಜ್ಜುತ್ತಾ ಅಲಗು ತೆಳ್ಳಗಾಗುತ್ತಾ ಹೋಗುತ್ತದೆ. ಇಂಥ ಅಲಗಿಗೆ ಯಾಕೆ ಅಷ್ಟು ದುಡ್ಡು ಅಂತ ಕೇಳುವವರಿಗೆ ನಾನು ಈಗ ಇದನ್ನೇ ಹೇಳುತ್ತೇನೆ.

ಭದ್ರಾವತಿಯಲ್ಲಿ ಅಲಗು ಮಾಡುವ ಹುಡುಗನೊಬ್ಬನ ವಿಷಯ ಹೇಳಿದ್ದೂ ಆಚಾರಿಯೇ. ಹುಡುಗ ಅಂದರೂ ಮೂವತ್ತೈದು ದಾಟಿದೆ. ಅವನ ಅಪ್ಪ ಅಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿದ್ದವರು. 1918ರಲ್ಲಿ ಮೈಸೂರು ಸಂಸ್ಥಾನ ಕಟ್ಟಲು ಶುರು ಮಾಡಿ, 1923ರಲ್ಲಿ ಕುಲುಮೆ ಹೊತ್ತಿಸಿದ ಕಾರ್ಖಾನೆ ಅದು. ಕೆಮ್ಮಣ್ಣುಗುಂಡಿಯ ಅದಿರು, ಮಲೆನಾಡಿನ ಕಾಡಿನ ಇದ್ದಿಲು, ಎರಡೂ ಸೇರಿ ಅಲ್ಲಿ ಕಬ್ಬಿಣ ಆಗುತ್ತಿತ್ತು. ಹುಡುಗನ ಶೆಡ್ಡು ಊರ ಹೊರಗಿದೆ. ಗ್ಯಾಸಿನ ಕುಲುಮೆ, ರೈಲು ಕಂಬಿಯ ತುಂಡಿನ ಪಕ್ಕ ಕಬ್ಬಿಣ ಇಟ್ಟು ಬಡಿಯೋ ನಿಜವಾದ ಅಡಿಗಲ್ಲು, ಗೋಡೆ ಮೇಲೆ ಗಾತ್ರದ ಪ್ರಕಾರ ನೇತುಹಾಕಿದ ಇಕ್ಕಳಗಳು. ಹೆಚ್ಚಾಗಿ ಅಡುಗೆಮನೆ ಚೂರಿ ಮಾಡುತ್ತಾನೆ. ಇಂಥ ಬಾಕು ವರ್ಷಕ್ಕೆ ಎರಡೋ ಮೂರೋ ಅಷ್ಟೇ.

ಕುಳಿತ ಕೂಡಲೇ ನಾನು ರೇಟ್ ಕೇಳಿದೆ. ಅವನು ರೇಟ್ ಬಿಟ್ಟು ಬೇರೆ ಎಲ್ಲ ಕೇಳಿದ. ಯಾರಿಗೆ? ಎಲ್ಲಿ ಇಡ್ತಾರೆ? ಗೋಡೆಗೆ ತಗುಲಿಸ್ತಾರಾ, ಪೆಟ್ಟಿಗೆಯಲ್ಲಾ? ಅವರ ಕೈ ದೊಡ್ಡದಾ, ಸಣ್ಣದಾ? ಮನೆ ಆಗುಂಬೆ ದಿಕ್ಕಿನಲ್ಲಿ ಅಂದಾಗ ಪೆನ್ನು ಕೆಳಗಿಟ್ಟ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ದಾಟುವ ಮಳೆ. ಮಳೆಗಾಲದಲ್ಲಿ ಆ ಕಡೆಯ ಮನೆಗಳಲ್ಲಿ ಬೀರುವಿನೊಳಗಿನ ಬಟ್ಟೆಗೇ ಬೂಸ್ಟು ಹಿಡಿಯುತ್ತದೆ. “ಅಣ್ಣಾ, ನಾನು ಮಾಡೋ ಉಕ್ಕು ತುಕ್ಕು ಹಿಡಿಯುತ್ತೆ. ಸ್ಟೇನ್‌ಲೆಸ್ ಬೇಕಿದ್ರೆ ಈಗಲೇ ಹೇಳಿ. ಆದ್ರೆ ಅದರಲ್ಲಿ ಈ ಡಿಸೈನ್ ನನ್ನ ಕುಲುಮೆಯಲ್ಲಿ ಬರಲ್ಲ.”

ಡಿಸೈನ್ ಅಂದರೆ ಪದರದ ಉಕ್ಕು. ಎಲ್ಲರೂ ಡಮಾಸ್ಕಸ್ ಅನ್ನುತ್ತಾರೆ. ಹಳೆಯ ಕಾಲದಲ್ಲಿ ನಮ್ಮ ದಕ್ಷಿಣದಿಂದ ಹೊರದೇಶಕ್ಕೆ ಹೋಗುತ್ತಿದ್ದ ಮೂಸೆಯ ಉಕ್ಕೇ (ಮಣ್ಣಿನ ಕುಡಿಕೆಯಲ್ಲಿ ಕರಗಿಸಿ ಮಾಡಿದ್ದು) ಬೇರೆ. ಅದಕ್ಕೆ ಇಂಗ್ಲಿಷರು ವೂಟ್ಜ್ ಅಂದರು. ನಮ್ಮ ‘ಉಕ್ಕು’ ಅನ್ನೋ ಮಾತೇ ಅವರ ಬಾಯಲ್ಲಿ ಹಾಗಾಯಿತು ಅಂತ ತಿಳಿದವರ ಅಭಿಪ್ರಾಯ. ಈಗಿನವರು ಮಾಡೋದು ಎರಡು ಜಾತಿಯ ಉಕ್ಕನ್ನು ಒಂದರ ಮೇಲೊಂದು ಇಟ್ಟು, ಕಾಸಿ, ಬಡಿದು ಕೂಡಿಸೋದು. ಒಂದಕ್ಕೆ 1084 ಅಂತ ನಂಬರು, ಇನ್ನೊಂದಕ್ಕೆ 15ಎನ್20. ಎರಡನೆಯದರಲ್ಲಿ ಸುಮಾರು 2 ಶೇಕಡಾ ನಿಕ್ಕೆಲ್ ಇರುತ್ತದೆ. ಆಸಿಡ್ಡಿಗೆ ಅದ್ದಿದರೆ ಮೊದಲನೆಯದು ಕಪ್ಪಾಗುತ್ತದೆ, ನಿಕ್ಕೆಲ್ ಇರೋದು ಬೆಳ್ಳಗೆ ಉಳಿಯುತ್ತದೆ. ಗೆರೆ ಬರೋದು ಹಾಗೆ. ಸಾಮಿಲ್ಲಿನ ಹಳೇ ಗರಗಸದ ಪಟ್ಟಿ ನಮ್ಮ ಕಡೆ ಬೇಕಾದಷ್ಟು ಸಿಗುತ್ತದಲ್ಲ, ಅದು ಆಗಲ್ವಾ ಅಂತ ಕೇಳಿದೆ. ಕೆಲವದರಲ್ಲಿ ನಿಕ್ಕೆಲ್ ಇರುತ್ತದೆ, ಕೆಲವದರಲ್ಲಿ ಇರೋದಿಲ್ಲ, ನಿಮ್ಮ ದುಡ್ಡಿನಲ್ಲಿ ಪರೀಕ್ಷೆ ಮಾಡಲಾರೆ ಅಂದ. ಆ ಮಾತು ಕೇಳಿ ಇವನ ಮೇಲೆ ನಂಬಿಕೆ ಬಂತು.

ಉದ್ದದ ವಿಷಯದಲ್ಲಿ ಸ್ವಲ್ಪ ಎಳೆದಾಟ ಆಯಿತು. ಭಾವನಿಗೆ ಒಂದಡಿ ಅಲಗು ಬೇಕಿತ್ತು. ಹುಡುಗ ಖಡಾಖಂಡಿತ ಇಲ್ಲ ಅಂದ. 1959ರ ಶಸ್ತ್ರಾಸ್ತ್ರ ಕಾಯ್ದೆಯ ಕೆಳಗಿನ 2016ರ ನಿಯಮಗಳ ಪಟ್ಟಿಯಲ್ಲಿ ಕತ್ತಿ, ಬಾಕು, ಭರ್ಜಿ ಎಲ್ಲ ಬರುತ್ತವೆ. ಅಲಗು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲ ಅನ್ನೋದು ಅಲ್ಲಿನ ಗಡಿ. ಮನೆ, ಕೃಷಿ ಕೆಲಸದ ಸಾಮಾನಿಗೆ ವಿನಾಯಿತಿ ಇದೆ. ಬಾಕು ಯಾವ ಕೃಷಿ ಕೆಲಸಕ್ಕೂ ಬರೋದಿಲ್ಲವಲ್ಲ! ಏಳೂವರೆ ಇಂಚು ಉದ್ದ, ಒಂದೂಕಾಲು ಇಂಚು ಅಗಲಕ್ಕೆ ಒಪ್ಪಿದೆವು. ಹುಡುಗ ಅಲ್ಲೇ ಒಂದು ತೆಳು ಪ್ಲೈವುಡ್ ತುಂಡನ್ನು ಆ ಆಕಾರಕ್ಕೆ ಕೊಯ್ದು ಕೈಗೆ ಕೊಟ್ಟ. ಕಾಗದದ ಮೇಲೆ ಸಣ್ಣದಾಗಿ ಕಂಡಿದ್ದು ಕೈಯಲ್ಲಿ ಹಿಡಿದಾಗ ಸಾಕಷ್ಟು ದೊಡ್ಡದೇ ಅನಿಸಿತು. ವಿಡಿಯೋ ಕಾಲಿನಲ್ಲಿ ನೋಡಿ ಭಾವನೂ ಸುಮ್ಮನಾದರು.

ಭಾವನ ಇನ್ನೊಂದು ಆಸೆ ಜಿಂಕೆ ಕೊಂಬಿನ ಹಿಡಿ. ಯಾವುದೋ ಚಿತ್ರದಲ್ಲಿ ನೋಡಿದ್ದರಂತೆ. ಹುಡುಗ ಎರಡೂ ಕೈ ಮೇಲೆತ್ತಿದ. “ಅದನ್ನ ನನ್ನ ಶೆಡ್ ಒಳಗೆ ತರಲೇಬೇಡಿ ಅಣ್ಣಾ.” 1972ರ ವನ್ಯಜೀವಿ ಕಾಯ್ದೆ ಪ್ರಕಾರ ಜಿಂಕೆ, ಕಡವೆ ಕೊಂಬಿನ ವ್ಯಾಪಾರ ಇಲ್ಲ. ಕಾಡಿನಲ್ಲಿ ತಾನಾಗಿ ಉದುರಿ ಬಿದ್ದಿದ್ದಾದರೂ ಅಷ್ಟೇ. 2023ರ ಅಕ್ಟೋಬರಿನಲ್ಲಿ ಹುಲಿ ಉಗುರಿನ ಲಾಕೆಟ್ಟಿನ ಗಲಾಟೆ ಇಡೀ ರಾಜ್ಯ ನೋಡಿತ್ತು. ಅದಾಗಿ ನಾಲ್ಕು ತಿಂಗಳಷ್ಟೇ ಆಗಿತ್ತು. ಮಾವನ ಮನೆಯ ಹಳೇ ಕೊಟ್ಟಿಗೆ ಕೆಡವಿದಾಗ ಉಳಿದ ಬೀಟೆ ಕಂಬ ಒಂದು ಅಟ್ಟದ ಮೇಲಿತ್ತು. ಹಿಡಿಗೆ ಅದೇ ಅಂತ ತೀರ್ಮಾನ ಆಯಿತು. ಮಾವನಿಗೆ ಗೊತ್ತಾಗದ ಹಾಗೆ ಅದರ ಬುಡದಿಂದ ಒಂದು ಮೊಳ ಕೊಯ್ದು ಚೀಲದಲ್ಲಿ ಹಾಕಿಕೊಂಡು ಬಂದೆ.

ಕೊನೇ ಪ್ರಶ್ನೆ: “ಬಾಯಿ ತೆಗಿಬೇಕಾ, ಬೇಡ್ವಾ?” ಅಂದರೆ ಹರಿತ ಮಾಡಬೇಕಾ ಅಂತ. ಭಾವ ಫೋನಿನಲ್ಲೇ ಹೇಳಿಬಿಟ್ಟರು. “ಬೇಡ. ಮನೇಲಿ ಮಕ್ಕಳಿದ್ದಾರೆ. ನೋಡೋಕೆ ತಾನೇ.” ಹುಡುಗ ಬರೆದುಕೊಂಡ. ಅರ್ಧ ನಿಮಿಷವೂ ಹಿಡಿಯಲಿಲ್ಲ.

ಲೆಕ್ಕ ಹೀಗೆ: ಅಲಗಿಗೆ ₹16,000, ಕೆತ್ತನೆಯ ಹಿಡಿಗೆ ₹8,000, ಅಲಗು ಹಿಡಿ ಸೇರುವಲ್ಲಿ ಕೂರುವ ಹಿತ್ತಾಳೆ ಅಡ್ಡಪಟ್ಟಿ ಮತ್ತು ಜೋಡಣೆಗೆ ₹4,500, ಒರೆಗೆ ₹3,500. ಮೂರನೇ ಒಂದು ಭಾಗ ಮುಂಗಡ. ಅಲಗು ಕೆಟ್ಟರೆ ಅವನ ಖರ್ಚಿನಲ್ಲಿ ಇನ್ನೊಂದು. ಕೆಲಸದ ಕ್ರಮವನ್ನೂ ಅವನು ಚೀಟಿಯಲ್ಲಿ ಬರೆದುಕೊಟ್ಟಿದ್ದ. ಅಲಗು, ಅಡ್ಡಪಟ್ಟಿ, ಹಿಡಿ, ಒರೆ. ‘ಹಿಡಿ’ ಅನ್ನೋದರ ಕೆಳಗೆ ಎರಡು ಗೆರೆ ಎಳೆದು ‘ಅಲಗು ಮುಗಿದ ಮೇಲೆ’ ಅಂತ ಬರೆದಿದ್ದ. ಆ ಚೀಟಿ ಈಗಲೂ ನನ್ನ ಹತ್ತಿರ ಇದೆ.

ಯಾವ ಗಂಡಭೇರುಂಡ?

ಹಿಡಿಯ ತುದಿಯಲ್ಲಿ ಗಂಡಭೇರುಂಡ ಇರಲಿ ಅಂತ ಭಾವ ಹೇಳಿದ್ದರು. ಕೆತ್ತನೆ ಅಂದರೆ ಸಾಗರ. ಸಾಗರ, ಸೊರಬದ ಗುಡಿಗಾರರ ಗಂಧದ ಕೆಲಸ ನಮ್ಮ ಜಿಲ್ಲೆಯ ಹೆಮ್ಮೆ. ನಾನು ಹೋಗಿದ್ದು ಅರವತ್ತು ದಾಟಿದ ಒಬ್ಬ ಹಿರಿಯರ ಮನೆಗೆ. ಜಗಲಿಯಲ್ಲೇ ಕೂತು ಕೆಲಸ. ಮುಂದೆ ನಲವತ್ತು ಐವತ್ತು ಉಳಿ ಸಾಲಾಗಿ, ಕೆಲವು ಕಡ್ಡಿಯಷ್ಟು ಸಣ್ಣ.

“ಗಂಡಭೇರುಂಡ ಅಂದ್ರೆ ಯಾವ್ದು?” ಅಂತ ಕೇಳಿದರು. ನನಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. “ಬಳ್ಳಿಗಾವಿ ಕಂಬದ ಮೇಲಿರೋದಾ, ಕೆಳದಿ ದೇವಸ್ಥಾನದ್ದಾ, ಇಲ್ಲಾ ಬಸ್ಸಿನ ಮೇಲಿರೋದಾ?” ನಾನು ನಗುತ್ತಿದ್ದರೂ ಅವರು ನಗುತ್ತಿರಲಿಲ್ಲ. ಬಳ್ಳಿಗಾವಿಯ ಕಂಬ 1047ರದ್ದು. ಅದರ ಮೇಲಿನ ಭೇರುಂಡನಿಗೆ ಮನುಷ್ಯನ ಮೈ, ಹಕ್ಕಿಯ ಎರಡು ತಲೆ. ಕೆಳದಿ ರಾಮೇಶ್ವರ ದೇವಸ್ಥಾನದ ಸೂರಿನಲ್ಲಿರೋದು ರೆಕ್ಕೆ ಬಿಚ್ಚಿದ ಪೂರ್ತಿ ಹಕ್ಕಿ. ಸಾರಿಗೆ ಬಸ್ಸಿನದು ಮೈಸೂರು ಅರಸರ ಲಾಂಛನದ ದಾರಿ ಹಿಡಿದದ್ದು. ಒಂದೇ ಹೆಸರು, ಮೂರು ಆಕಾರ. ಭಾವನಿಗೆ ಫೋನ್ ಮಾಡಿದೆ. “ಯಾವ್ದೋ ಒಂದು, ಚೆನ್ನಾಗಿರೋದು” ಅಂದರು. ಕೆಳದಿ ನಮ್ಮ ಕಡೆಯದ್ದು ಅಂತ ನಾನೇ ಆರಿಸಿದೆ. ಗುಡಿಗಾರರು ಮರದ ತುಂಡನ್ನು ಮುಷ್ಟಿಯಲ್ಲಿ ಹಿಡಿದು ನೋಡಿ, ಕೊಕ್ಕು ಹೊರಗೆ ಚಾಚಿದರೆ ಅಂಗೈಗೆ ಚುಚ್ಚುತ್ತದೆ, ತಲೆಗಳನ್ನು ಮೈಗೆ ಒತ್ತಿಕೊಂಡ ಹಾಗೆ ಮಾಡುತ್ತೇನೆ ಅಂದರು. ಗಂಧ ಆಗಿದ್ದರೆ ನಾಲ್ಕು ದಿನದ ಕೆಲಸ, ಬೀಟೆಗೆ ಎರಡು ವಾರ, ಉಳಿಯ ಬಾಯಿ ಗಂಟೆಗೊಂದು ಸಲ ಮಸೆಯಬೇಕು ಅಂತಲೂ ಸೇರಿಸಿದರು.

ಇಲ್ಲಿ ನಾನು ಎಡವಿದೆ. ಆಗ ಮೇ ತಿಂಗಳು. ಅಲಗು ಇನ್ನೂ ಪದರದ ಹಂತದಲ್ಲಿತ್ತು. ಗುಡಿಗಾರರಿಗೆ ಜೂನ್ ಖಾಲಿ, ಆಮೇಲೆ ಗಣಪತಿ ಕೆಲಸ ಶುರು. ಈಗ ಬಿಟ್ಟರೆ ಸೆಪ್ಟೆಂಬರ್. ನನ್ನ ತಲೆಯಲ್ಲಿ ಆಯುಧಪೂಜೆಯ ತಾರೀಕು, ಅಕ್ಟೋಬರ್ 11, ಕುಣಿಯುತ್ತಿತ್ತು. ನಕ್ಷೆ ಇದೆ, ಪ್ಲೈವುಡ್ ಮಾದರಿ ಇದೆ, ಅಳತೆ ಮಿಲಿಮೀಟರಿನಲ್ಲಿ ಬರೆದಿದೆ, ಇನ್ನೇನು ಬೇಕು ಅನಿಸಿತು. ಹುಡುಗನಿಗೆ ಒಂದು ಮಾತೂ ಹೇಳದೆ ಎಲ್ಲವನ್ನೂ ಗುಡಿಗಾರರಿಗೆ ಕೊಟ್ಟು ಬಂದೆ. ಜೂನ್ ಕೊನೆಯಲ್ಲಿ ಹಿಡಿ ಕೈಗೆ ಬಂತು. ರೆಕ್ಕೆಯ ಒಂದೊಂದು ಗರಿಯಲ್ಲೂ ನಡುವಿನ ದಂಟು ಕಾಣುತ್ತಿತ್ತು. ಮೂರು ದಿನ ಜೇಬಿನಲ್ಲೇ ಇಟ್ಟುಕೊಂಡು ಓಡಾಡಿದೆ.

ಟಿಂಗ್

ಜುಲೈ ಎರಡನೇ ವಾರ ಅಲಗಿಗೆ ಹದ ಹಾಕುವ, ಅಂದರೆ ಕಾಸಿ ಎಣ್ಣೆಗೆ ಅದ್ದಿ ಗಟ್ಟಿ ಮಾಡುವ, ದಿನ ನಾನೂ ಶೆಡ್ಡಿನಲ್ಲಿದ್ದೆ. ಹೊರಗೆ ಮಳೆ. ಅಷ್ಟರಲ್ಲಿ ಅಲಗಿನ ಕೆಲಸ ಎಷ್ಟೋ ಮುಗಿದಿತ್ತು. 11 ಪಟ್ಟಿ ಜೋಡಿಸಿ, ಬಿಳಿಗಾರ ಉದುರಿಸಿ, ಹಳದಿ ಬಿಸಿಯಲ್ಲಿ ಬಡಿದು ಒಂದು ಮಾಡಿ, ಉದ್ದ ಎಳೆದು, ನಾಲ್ಕಾಗಿ ಕೊಯ್ದು ಮತ್ತೆ ಪೇರಿಸಿ, ಮತ್ತೊಮ್ಮೆ ಮೂರಾಗಿ ಕೊಯ್ದು ಪೇರಿಸಿ, ಒಟ್ಟು 132 ಪದರ. ಆಮೇಲೆ ಆಕಾರ, ಅರ, ನಾಲ್ಕು ಇಳಿಜಾರು.

ಶೆಡ್ಡಿನ ಲೈಟು ಆರಿಸಿದ. ಕೆಂಪಿನ ಬಣ್ಣ ಬೆಳಕಿನಲ್ಲಿ ಮೋಸ ಮಾಡುತ್ತದಂತೆ. ಅಲಗು ಕುಲುಮೆಯೊಳಗೆ ಹಿಂದೆ ಮುಂದೆ ಆಡುತ್ತಿತ್ತು. ಪಕ್ಕದಲ್ಲಿ ತಂತಿಗೆ ಕಟ್ಟಿದ ಅಯಸ್ಕಾಂತ. ಆಗಾಗ ಅಲಗಿಗೆ ಮುಟ್ಟಿಸಿ ನೋಡುತ್ತಿದ್ದ. ಮೊದಲು ಟಕ್ ಅಂತ ಅಂಟುತ್ತಿತ್ತು. ಒಂದು ಹೊತ್ತಿನಲ್ಲಿ ಅಂಟಲೇ ಇಲ್ಲ. ಸುಮಾರು 770 ಡಿಗ್ರಿ ದಾಟಿದರೆ ಉಕ್ಕು ಅಯಸ್ಕಾಂತವನ್ನು ಮರೆಯುತ್ತದೆ. ಅಲ್ಲಿಂದ ಇನ್ನೂ ಸ್ವಲ್ಪ ಮೇಲೆ, 815ರ ಹತ್ತಿರ, ಎಣ್ಣೆಗೆ ಅದ್ದಬೇಕು. ಎಣ್ಣೆಯನ್ನು ಮೊದಲೇ ಬಿಸಿ ಮಾಡಿಟ್ಟಿದ್ದ, ಬೆರಳು ಮುಳುಗಿಸಿದರೆ ಚುರುಗುಟ್ಟುವಷ್ಟು. ಅಲಗನ್ನು ನೆಟ್ಟಗೆ ಇಳಿಸಿದ. ಹೊಗೆ, ಒಂದು ಸಲ ಭಗ್ ಅಂತ ಬೆಂಕಿ, ಆಮೇಲೆ ಗುಳುಗುಳು ಸದ್ದು.

ಆ ಗುಳುಗುಳು ನಡುವೆ ಒಂದು ಸಣ್ಣ ‘ಟಿಂಗ್’. ಸ್ಟೀಲ್ ಲೋಟಕ್ಕೆ ಚಮಚ ತಾಗಿದ ಹಾಗೆ.

ನನಗೆ ಏನೂ ಅನಿಸಲಿಲ್ಲ. ಹುಡುಗ ಕಣ್ಣು ಮುಚ್ಚಿಕೊಂಡ. ಅಲಗು ಹೊರಗೆ ತೆಗೆದು ಒರೆಸಿ ಲೈಟು ಹಾಕಿ ತೋರಿಸಿದ. ತುದಿಯಿಂದ ಎರಡು ಇಂಚು ಕೆಳಗೆ, ಅಂಚಿನಿಂದ ನಡುವಿನ ಗೆರೆವರೆಗೆ ಕೂದಲಿನಂಥ ಗೀರು. ಇದಕ್ಕೆ ರಿಪೇರಿ ಇಲ್ಲ. ಅವನು ಅದನ್ನು ವೈಸಿಗೆ ಕಚ್ಚಿಸಿ ಸುತ್ತಿಗೆಯಿಂದ ಒಂದೇ ಏಟು ಹಾಕಿದ. ಮುರಿದ ಜಾಗ ಬೂದಿಯ ಹಾಗೆ ನುಣ್ಣಗಿತ್ತು. ಅಂದರೆ ಬಿಸಿ ಜಾಸ್ತಿ ಆಗಿರಲಿಲ್ಲ. ಆದರೆ ಒಂದು ಕಡೆ ಉಗುರಿನಷ್ಟಗಲ ಕಪ್ಪು. ಅಲ್ಲಿ ಎರಡು ಪದರ ಕೂಡಿರಲೇ ಇಲ್ಲ, ನಡುವೆ ಕಿಟ್ಟ ಸಿಕ್ಕಿಕೊಂಡಿತ್ತು. “ನನ್ನ ತಪ್ಪು ಅಣ್ಣಾ. ಬಡಿಯುವಾಗ ಒಂದು ಕಡೆ ಬಿಸಿ ಇಳಿದಿತ್ತು. ಇನ್ನೊಂದು ಮಾಡ್ತೀನಿ.” ಆರು ವಾರದ ಕೆಲಸ. ಮುಖ ನೋಡಲಾಗಲಿಲ್ಲ. ಉಕ್ಕು, ಗ್ಯಾಸಿನ ಖರ್ಚು ಅಂತ ₹2,500 ನಾವೇ ಕೊಟ್ಟೆವು. ಅವನು ಕೇಳಿರಲಿಲ್ಲ.

ಎರಡನೇ ಅಲಗು ಆಗಸ್ಟ್ ಕೊನೆಗೆ ಎಣ್ಣೆಗಿಳಿಯಿತು. ಸದ್ದಿಲ್ಲ. ಆದರೆ ಹೊರಗೆ ಬಂದಾಗ ಒಂದು ಕಡೆಗೆ ತುಸು ಬಾಗಿತ್ತು. ಎಣ್ಣೆಯಿಂದ ತೆಗೆದ ಮೇಲೆ ಕೆಲವು ಸೆಕೆಂಡು ಉಕ್ಕು ಇನ್ನೂ ಮಾತು ಕೇಳುತ್ತದೆ. ದಪ್ಪ ಗ್ಲೌಸ್ ಹಾಕಿದ ಕೈಯಲ್ಲೇ ಒತ್ತಿ ನೆಟ್ಟಗೆ ಮಾಡಿದ. ಆಮೇಲೆ ಅರ ಆಡಿಸಿ ನೋಡಿದರೆ ಅರ ಗಾಜಿನ ಮೇಲೆ ಜಾರಿದ ಹಾಗೆ ಜಾರಿತು. ಹದ ಕೂತಿದೆ ಅಂತ ಅರ್ಥ. 200 ಡಿಗ್ರಿಯಲ್ಲಿ ಎರಡೆರಡು ಗಂಟೆಯಂತೆ ಎರಡು ಸಲ ಒಲೆಯಲ್ಲಿಟ್ಟ. ಅಂಚಿಗೆ ಒಣಹುಲ್ಲಿನ ಬಣ್ಣ ಬಂತು. ಉಳಿದ ಚೂರು ಬಾಗನ್ನು ಸಾಣೆಯಲ್ಲೇ ತೆಗೆದ.

ನಾನು ಖುಷಿಯಿಂದ ಜೇಬಿನಿಂದ ಹಿಡಿ ತೆಗೆದು ಮೇಜಿನ ಮೇಲಿಟ್ಟೆ. “ನೋಡಪ್ಪಾ, ರೆಡಿ ಇದೆ!”

ಅವನು ಬೈಯಲಿಲ್ಲ. ಹಿಡಿ ತಿರುಗಿಸಿ ತಿರುಗಿಸಿ ನೋಡಿದ, ಗರಿಗಳ ಮೇಲೆ ಬೆರಳಾಡಿಸಿದ. ಆಮೇಲೆ ಅಲಗಿನ ಬಾಲ, ಅಂದರೆ ಹಿಡಿಯೊಳಗೆ ಹೋಗುವ ಸಪೂರ ಭಾಗ, ತೂತಿಗೆ ತೂರಿಸಿದ. ಸಡಿಲ. ನಕ್ಷೆಯಲ್ಲಿ ಬಾಲದ ದಪ್ಪ 6 ಮಿಲಿಮೀಟರ್ ಇತ್ತು, ಈಗ 5. ಬಾಗು ತೆಗೆಯುವಾಗ ಬುಡದ ಅಗಲವೂ 32ರಿಂದ 30ಕ್ಕೆ ಇಳಿದಿತ್ತು. ಎರಡು ಮಿಲಿಮೀಟರ್ ಏನು ಮಹಾ ಅಂತ ನನಗನಿಸಿತು. “ಹೆಬ್ಬೆರಳು ಇಟ್ಟು ನೋಡಿ” ಅಂದ. ಅಡ್ಡಪಟ್ಟಿಯಿಂದ ಹಿಡಿಗೆ ಬರುವಲ್ಲಿ ಒಂದು ಮೆಟ್ಟಿಲು ಸಿಕ್ಕಿತು. ಸಣ್ಣದೇ. ಒಮ್ಮೆ ಸಿಕ್ಕ ಮೇಲೆ ಬೆರಳು ಮತ್ತೆ ಮತ್ತೆ ಅಲ್ಲಿಗೇ ಹೋಗುತ್ತಿತ್ತು. ಜೊತೆಗೆ ತೂತು ಒಂದು ಕೂದಲು ಓರೆ. ಅಲಗು ಎಡಕ್ಕೆ ನೋಡುತ್ತಿತ್ತು. ಸಾಲದ್ದಕ್ಕೆ, ಜೂನಿನ ತೇವದಲ್ಲಿ ಕೆತ್ತಿದ ಮರ ಶೆಡ್ಡಿನ ಬಿಸಿಗೆ ಎರಡು ದಿನದಲ್ಲೇ ಕುತ್ತಿಗೆ ಹತ್ತಿರ ಸಣ್ಣದಾಗಿ ಬಿರಿಯಿತು. ಕಂಬದ ಬುಡ ವರ್ಷಗಟ್ಟಲೆ ಕೊಟ್ಟಿಗೆಯ ನೆಲದ ಥಂಡಿ ಕುಡಿದದ್ದು, ನಾನು ಕೊಯ್ದದ್ದೂ ಅದೇ ತುದಿ.

“ಅಂಟು ತುಂಬಿಸಿ, ಕಪ್ಪು ಪುಡಿ ಕಲಸಿ ಕೂರಿಸಿದ್ರೆ ಯಾರಿಗೂ ಗೊತ್ತಾಗಲ್ಲ ಅಲ್ವಾ?” ಅಂತ ಕೇಳಿದೆ. “ಮಾಡಿ ಕೊಡ್ತೀನಿ ಅಣ್ಣಾ. ಆದ್ರೆ ನನ್ನ ಗುರುತು ಹಾಕಲ್ಲ” ಅಂದ. ಗುರುತು ಅಂದರೆ ಅಲಗಿನ ಬುಡದಲ್ಲಿ ಅವನು ಒತ್ತುವ ಸಣ್ಣ ಮುದ್ರೆ.

ಆ ರಾತ್ರಿ ಭಾವನಿಗೆ ಎಲ್ಲ ಹೇಳಿದೆ. ಸ್ವಲ್ಪ ಹೊತ್ತು ಆ ಕಡೆ ಮಾತಿಲ್ಲ. “ಮೊದಲೇ ಕೆತ್ತಿಸೋಕೆ ಹೇಳಿದ್ದು ಯಾರು?” “ನಾನೇ.” “ಸರಿ ಬಿಡಿ. ಆಯುಧಪೂಜೆ ಹೋಯ್ತು. ಸಂಕ್ರಾಂತಿಗೆ ಕೊಡೋಣ.” ಎರಡನೇ ಹಿಡಿಯ ₹8,000 ನಾನು ಕೊಡುತ್ತೇನೆ ಅಂದೆ. ಬೇಡ ಅಂದರು. ಕೊಟ್ಟೆ.

ಸಾಗರಕ್ಕೆ ಈ ಸಲ ಅಲಗನ್ನೇ ರಟ್ಟಿನಲ್ಲಿ ಸುತ್ತಿ ತೆಗೆದುಕೊಂಡು ಹೋದೆ. ಗಣಪತಿ ಹಬ್ಬ ಮುಗಿದಿತ್ತು. ಗುಡಿಗಾರರು ಕಥೆ ಕೇಳಿ, ಕವಳ ಉಗಿದು ಬಂದು ಕೂತರು. “ನೀವು ನಕ್ಷೆ ಕೊಟ್ಟಾಗ ಅಲಗು ಆಗಿದೆ ಅಂತ ತಿಳ್ಕೊಂಡಿದ್ದೆ ನಾನು. ಕಾಗದ ನೋಡಿ ಯಾರಾದ್ರೂ ಚಪ್ಪಲಿ ಹೊಲಿತಾರಾ ಮಾರಾಯ್ರೆ? ಈಗ ಕಾಲು ತಂದ್ರಲ್ಲ, ಕೊಡಿ.” ಕಂಬದ ಮೇಲ್ತುದಿಯಿಂದ ಹೊಸ ತುಂಡು ತಂದಿದ್ದೆ. ಅದನ್ನು ಒರಟಾಗಿ ಕೆತ್ತಿ, ತೂತು ಕೊರೆದು, ಅಲಗಿನ ಬಾಲಕ್ಕೆ ಕೂರಿಸಿ ನೋಡಿ, ಒಲೆಯ ಮೇಲಿನ ಅಟ್ಟದಲ್ಲಿ ಒಂದೂವರೆ ತಿಂಗಳು ಇಟ್ಟರು. ಆಮೇಲೆ ಮತ್ತೆ ಕೂರಿಸಿ, ಸರಿ ಮಾಡಿ, ಕೊನೆಗೆ ಗರಿಗಳು. ಎರಡನೇ ಹಕ್ಕಿ ಮೊದಲನೆಯದಕ್ಕಿಂತ ಕೊಂಚ ಮೈಕೈ ತುಂಬಿಕೊಂಡು ಬಂತು. ನನಗೆ ಈಗಲೂ ಮೊದಲನೆಯದೇ ಇಷ್ಟ. ಅದು ಗುಡಿಗಾರರ ಹತ್ತಿರವೇ ಇದೆ. ಗಂಧದ ಪೆಟ್ಟಿಗೆಯೊಂದರ ಮುಚ್ಚಳಕ್ಕೆ ಹಿಡಿಕೆ ಮಾಡುತ್ತಾರಂತೆ.

ಜೋಡಣೆ ಡಿಸೆಂಬರಿನಲ್ಲಿ. ಹಿತ್ತಾಳೆಯ ಅಡ್ಡಪಟ್ಟಿಯ ಸೀಳಿಗೆ ಅಲಗು ಕೂರಿಸಿ, ಲೈಟು ಆರಿಸಿ, ಹಿಂದಿನಿಂದ ಮೊಬೈಲ್ ಟಾರ್ಚ್ ಹಿಡಿದು ನೋಡುತ್ತಿದ್ದ. ಎಲ್ಲಾದರೂ ಬೆಳಕು ನುಸುಳಿದರೆ ಹೊರಗೆ ತೆಗೆದು ಸೂಜಿಯಂಥ ಅರದಿಂದ ಎರಡು ಸಲ ತಿಕ್ಕಿ ಮತ್ತೆ. ಅಷ್ಟಕ್ಕೇ ಒಂದು ದಿನ ಹೋಯಿತು. ಬೀಟೆಯಲ್ಲಿ ಎಣ್ಣೆ ಅಂಶ ಇರುವುದರಿಂದ ಅಂಟು ಹಿಡಿಯೋದಿಲ್ಲ. ಅಸಿಟೋನಿನಲ್ಲಿ ಒರೆಸಿ, ಅದು ಒಣಗಿದ ಮೇಲೆ, ಮತ್ತೆ ಎಣ್ಣೆ ಮೇಲೆ ಬರುವುದರೊಳಗೆ ಅಂಟು ಹಾಕಬೇಕು. ಈ ಒರೆಸೋ ಕೆಲಸ ನನಗೆ ಕೊಟ್ಟ, ಇಡೀ ಕೆಲಸದಲ್ಲಿ ನಾನು ಕೈಯಾರೆ ಮಾಡಿದ್ದು ಅಷ್ಟೇ.

ಗೆರೆ ಎಬ್ಬಿಸಲು ಅಲಗನ್ನು ಫೆರಿಕ್ ಕ್ಲೋರೈಡಿಗೆ ಅದ್ದಿದ್ದು ಅದಕ್ಕೂ ಮೊದಲು. ನಾನು ಅಂದು ಇರಲಿಲ್ಲ, ವಿಡಿಯೋ ಕಳಿಸಿದ್ದ. ಬೂದು ಬಣ್ಣದ ಸಪ್ಪೆ ಅಲಗು ಟಬ್ಬಿನಿಂದ ಮೇಲೆ ಬರುತ್ತಾ ಬರುತ್ತಾ ಮೈತುಂಬ ಗೆರೆ. ನನ್ನ ಹೆಂಡತಿ ನೋಡಿ “ಚಾಲಿ ಅಡಿಕೆ ಕತ್ತರಿಸಿದ ಹಾಗಿದೆಯಲ್ಲ” ಅಂದಳು. ನಿಜ. ಹೋಳು ಮಾಡಿದ ಅಡಿಕೆಯ ಒಳಗೆ ಕಂದು, ಬಿಳಿ ಸುರುಳಿ ಸುರುಳಿಯಾಗಿ ಇರುತ್ತದಲ್ಲ, ಹಾಗೇ.

ಒರೆಗೆ ಒಳಗೆ ಶಿವನಿ ಮರ, ಹೊರಗೆ ಚರ್ಮ. ಬರೀ ಚರ್ಮದ ಒರೆಯಲ್ಲಿ ಮಳೆಗಾಲ ಕಳೆದರೆ ಚರ್ಮ ಹೀರಿದ ತೇವಕ್ಕೆ ಅಲಗು ತುಕ್ಕು ಹಿಡಿಯುತ್ತದೆ. ಹೀಗಿದ್ದರೂ ಜೂನ್‌ನಿಂದ ಅಕ್ಟೋಬರ್‌ವರೆಗೆ ಒರೆಯಿಂದ ಹೊರಗಿಡಿ, ಹದಿನೈದು ದಿನಕ್ಕೊಮ್ಮೆ ಹೊಲಿಗೆ ಮಷಿನ್ ಎಣ್ಣೆ ಸವರಿ, ಕೊಬ್ಬರಿ ಎಣ್ಣೆ ಬೇಡ, ಅಂಟಂಟಾಗುತ್ತದೆ ಅಂತ ಹುಡುಗ ಒಂದು ಚೀಟಿ ಬರೆದುಕೊಟ್ಟ. ಈ ಚೀಟಿಯನ್ನು ಮಾತ್ರ ಗೋಡೆಗೆ ಅಂಟಿಸಿದ್ದೇನೆ.

ಸಂಕ್ರಾಂತಿ

2025ರ ಜನವರಿ 14. ಎಳ್ಳುಬೆಲ್ಲ ಆದ ಮೇಲೆ ಭಾವ ಪೆಟ್ಟಿಗೆ ತಂದು ಮಾವನ ಮುಂದಿಟ್ಟರು. ಮಾವ ಕನ್ನಡಕ ಹಾಕಿಕೊಂಡು ಮುಚ್ಚಳ ತೆಗೆದರು. ಒರೆಯಿಂದ ಎಳೆದರು. ಗೆರೆ ನೋಡಿದರು, ಹಕ್ಕಿ ನೋಡಿದರು, “ಇದು ನಮ್ಮ ಕೊಟ್ಟಿಗೆ ಕಂಬ ಅಲ್ವನೋ?” ಅಂದರು. ನಮಗೆಲ್ಲ ಕಣ್ಣು ತುಂಬಿತು. ಆಮೇಲೆ ಹೆಬ್ಬೆರಳನ್ನು ಅಂಚಿಗೆ ಅಡ್ಡವಾಗಿ ಇಟ್ಟು ಸವರಿದರು. ಆ ಕಡೆ ಸವರಿದರು, ಈ ಕಡೆ ಸವರಿದರು.

“ಬಾಯೇ ತೆಗೆದಿಲ್ಲವಲ್ಲೋ ಇದಕ್ಕೆ.”

ಭಾವ ವಿವರಿಸಿದರು. ಮಕ್ಕಳು, ನೋಡೋಕೆ, ಪೂಜೆಗೆ. ಮಾವ ಕೇಳಿಸಿಕೊಂಡರು. “ಆ ಹಳೇ ಬಾಕು ಏನಕ್ಕಿತ್ತು ಅಂತ ಮಾಡಿದೀರಿ? ಅದ್ರಲ್ಲೇ ನಮ್ಮಮ್ಮ ದಿನಾ ಬಾಳೆಎಲೆ ಕೊಯ್ತಿದ್ದದ್ದು. ಅಷ್ಟು ಹರಿತ ಇನ್ಯಾವ್ದೂ ಇರ್ಲಿಲ್ಲ ಮನೇಲಿ.” ಹೇಳುತ್ತಾ ಎದ್ದು ಬಚ್ಚಲುಮನೆ ಪಕ್ಕದ ಮಸೆಗಲ್ಲಿನ ಕಡೆ ಹೊರಟರು.

ನಾನು ಅಂಗಳಕ್ಕೆ ಓಡಿ ಹುಡುಗನಿಗೆ ಫೋನ್ ಮಾಡಿದೆ. “ಕಲ್ಲು ಮುಟ್ಟಿಸಬೇಡಿ ಅಂತ ಹೇಳಿ ಅಣ್ಣಾ! ಗೆರೆ ಹೋಗುತ್ತೆ. ಭಾನುವಾರ ನಾನೇ ಬರ್ತೀನಿ.” ಅಲ್ಲಿಯವರೆಗೆ ಮಾವನನ್ನು ತಡೆದು ನಿಲ್ಲಿಸಿದ್ದು ನನ್ನ ಅತ್ತೆ, ಹೇಗೆ ಅಂತ ಕೇಳಬೇಡಿ.

ಭಾನುವಾರ ಅವನು ಬಸ್ಸಿನಲ್ಲಿ ಬಂದ. ಜಗಲಿಯಲ್ಲಿ ಕೂತು, ಅಲಗಿನ ಮೈಗೆ ಟೇಪ್ ಸುತ್ತಿ, ಅಂಚು ಮಾತ್ರ ಬಿಟ್ಟು, ನೀರು ಚಿಮುಕಿಸಿದ ನುಣ್ಣನೆ ಕಲ್ಲಿನ ಮೇಲೆ ಎರಡೂ ಕಡೆ ಬಾಯಿ ತೆಗೆದ. ಕೊನೆಗೆ ಬೆಲ್ಟಿನ ಚರ್ಮದ ಮೇಲೆ ಎಳೆದ. ಎರಡು ಗಂಟೆ ಹಿಡಿಯಿತು. ಮಾವ ಎದುರಿಗೆ ಮಣೆ ಹಾಕಿಕೊಂಡು ಕೂತು ಒಂದು ಮಾತಾಡದೆ ನೋಡುತ್ತಿದ್ದರು. ಮುಗಿದ ಮೇಲೆ ಬಾಕು ತೆಗೆದುಕೊಂಡು ಹಿತ್ತಿಲಿಗೆ ಹೋಗಿ ಒಂದು ಬಾಳೆಎಲೆ ಕೊಯ್ದು ತಂದರು. ಹುಡುಗನಿಗೆ ಅದರಲ್ಲೇ ಊಟ ಬಡಿಸಿದರು. ಅವನು ಕೈ ತೊಳೆದು ಬರುವಷ್ಟರಲ್ಲಿ ಜಗಲಿ ಮೇಲೆ ಮನೆಯ ಐದು ಕತ್ತಿ, ಎರಡು ಮೆಟ್ಟುಗತ್ತಿ ಸಾಲಾಗಿ ಮಲಗಿದ್ದವು.

“ಹೇಗೂ ಬಂದಿದೀಯಲ್ಲಪ್ಪಾ” ಅಂದರು ಮಾವ.